ಅವ್ವನ ಎದೆಯ ಸದ್ದು

ನಮ್ಮವ್ವನ ಎದೆ ಟಿಕ್ ಟಿಕ್ ಅಂತಿತ್ತು. ಕರೆಂಟು ಹೋಗಿ ಫ್ಯಾನು ನಿಂತರೆ ಸಾಕು, ಕುಂದಾಣದ ನಮ್ಮ ಮನೆಯ ಪಡಸಾಲೆಗೆಲ್ಲ ಕೇಳೋದು.

ಅವಳ ಹೃದಯದ ಕವಾಟ ಕೆಟ್ಟಿತ್ತು. "ವಯಸ್ಸಾಗಿದೆಯಲ್ಲಮ್ಮ, ಹಂದೀದೋ ಹಸುವಿಂದೋ ಹಾಕ್ಬಿಡೋಣ. ಲೋಹದ್ದು ಹಾಕಿದ್ರೆ ಜೀವ ಇರೋವರೆಗೂ ರಕ್ತ ತೆಳ್ಳಗಾಗೋಕೆ ದಿನಾ ಮಾತ್ರೆ ನುಂಗ್ಬೇಕು" ಅಂದ್ರು ಡಾಕ್ಟ್ರು. ಜೀವಮಾನವೆಲ್ಲ ಹಸು ಕಟ್ಟಿದವಳು ಅವ್ವ, ಎದ್ದೇ ನಿಂತಳು. "ಹಸು ತಾಯಿ. ಅದ್ನ ಕುಯ್ದು ನನಗೆ ಹಾಕ್ತೀರಾ? ಹಂದಿ ಅಂದ್ರೆ... ಥೂ!"

ನನಗೆ ರೇಗಿಹೋಯ್ತು. "ಕುರಿ ತಲೆಮಾಂಸ ಚಪ್ಪರಿಸ್ಕೊಂಡು ತಿಂತೀಯಲ್ಲ, ಆಗೆಲ್ಲಿರುತ್ತೆ ನಿನ್ನ ಮಡಿ?"

"ಹೊಟ್ಟೆಗೆ ಹಾಕಿದ್ದು ಬೆಳಗ್ಗೆ ಹೊರಗೋಗುತ್ತೆ ಕಣೇ. ಎದೇಲಿಟ್ಟಿದ್ದು ನನ್ ಜೊತೆ ಮಣ್ಣಿಗೂ ಬರುತ್ತೆ."

ಊರೆಲ್ಲ ಅವಳ ಪರ. ಹಂದಿ ಗುಂಡಿಗೆ ಇಟ್ಕೊಂಡು ದೇವರಿಗೆ ದೀಪ ಹಚ್ಚೋಕಾಗುತ್ತಾ ಅಂತ ಮೂಗು ಮುರಿದ್ರು. ಕೊನೆಗೆ ಲೋಹದ್ದೇ ಹಾಕಿದ್ರು. ಮನೆಗೆ ಕಳಿಸುವಾಗ ಡಾಕ್ಟ್ರು ನನ್ನನ್ನ ಪಕ್ಕಕ್ಕೆ ಕರೆದು, "ಮಾತ್ರೆ ತಪ್ಪಿದ್ರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಆ ಲೋಹದ ಟಿಕ್ ಟಿಕ್ ಸದ್ದು ಮಂಕಾದ್ರೆ ಒಂದು ಗಳಿಗೆನೂ ಕಾಯ್ಬೇಡಿ" ಅಂದ್ರು.

ಅವತ್ತಿಂದ ನನ್ನ ಕಿವಿಯೆಲ್ಲ ಅಲ್ಲೇ. ಪಾತ್ರೆ ತೊಳೀತಾ ನಲ್ಲಿ ನಿಲ್ಲಿಸಿ ಕೇಳಿಸ್ಕೊಳ್ತಿದ್ದೆ. ಅವ್ವನಿಗೆ ಮಾತ್ರ ಆ ಸದ್ದು ಕಂಡರಾಗದು. "ಒಳಗೆ ಯಾರೋ ಕೂತು ಬಾಗಿಲು ತಟ್ಟಿದಂಗಾಗುತ್ತೆ" ಅಂತಿದ್ಳು.

ಅವ್ವನ ತಂಗಿ, ನಮ್ಮ ಚಿಕ್ಕಮ್ಮ, ಹೊಸಕೋಟೆಯಿಂದ ನೋಡೋಕೆ ಬಂದಳು. ಬಾಯಿಗೆ ಬೀಗ ಇಲ್ಲದವಳು. ರಕ್ತ ತೆಳ್ಳಗೆ ಮಾಡೋ ಔಷಧೀನ ಹಂದಿ ಕರುಳಿಂದ ತೆಗೀತಾರಂತೆ, ಫೋನಲ್ಲಿ ಯಾವನೋ ಹೇಳಿದ್ನಂತೆ. "ಅದು ಆಸ್ಪತ್ರೇಲಿ ಚುಚ್ಚೋ ಇಂಜೆಕ್ಷನ್ನು ಚಿಕ್ಕಮ್ಮ! ಈ ಮಾತ್ರೆ ಬೇರೆ. ಇದರಲ್ಲಿ ಹಂದೀನೂ ಇಲ್ಲ, ಗಿಂದೀನೂ ಇಲ್ಲ. ಮೆಡಿಕಲ್ ಶಾಪಲ್ಲಿ ಕೇಳ್ಕೊಂಡೇ ಬಂದಿದ್ದೀನಿ" ಅಂತ ಗದರಿದೆ. ಅವ್ವ ಮಾತ್ರೆ ಡಬ್ಬೀನ ತಿರುಗಿಸಿ ತಿರುಗಿಸಿ ನೋಡಿದಳು. ಆದರೂ ಮಾತ್ರೆ ಕೈಗೆ ಕೊಟ್ಟರೆ ಇಸ್ಕೊಂಡು, ನೀರು ಕುಡಿದು, "ಆಯ್ತು" ಅನ್ನೋಳು.

ಮೊನ್ನೆ ಮಧ್ಯಾಹ್ನ ಕರೆಂಟು ಹೋಯ್ತು. ಅವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲೀತಾ ಕೂತಿದ್ದಳು. ಸಿಪ್ಪೆ ಮುರಿಯೋ ಸದ್ದೊಂದೇ ಕೇಳ್ತಿತ್ತು. ಓಡಿಹೋಗಿ ಅವಳ ಎದೆಗೆ ಕಿವಿ ಇಟ್ಟೆ. ಎಲ್ಲೋ ಆಳದಲ್ಲಿ, ಬಟ್ಟೆ ಸುತ್ತಿ ಬಡಿದಂಗೆ, ಮೆತ್ತಗೆ.

"ಅವ್ವಾ, ಮಾತ್ರೆ ನುಂಗ್ತಿದ್ದೀಯಾ ತಾನೆ?"

ಅವಳು ನಕ್ಕು ನನ್ನ ತಲೆ ಸವರಿದಳು. ಮಾತಿಗೊಮ್ಮೆ ಉಸಿರು ಎಳ್ಕೊಳ್ತಿದ್ದಳು.

"ನಿನ್ ಚಿಕ್ಕಮ್ಮ ಹೋದಾಗಿಂದ ತಿಪ್ಪೆಗೆಸೀತಿದ್ದೀನಿ. ಆ ಹಂದಿ ಔಷಧಿ ಬಿಟ್ಟೆ ನೋಡು... ಬಾಗಿಲು ತಟ್ಟೋದೂ ನಿಂತೋಯ್ತು. ನನಗೆ ವಾಸಿಯಾಯ್ತು ಕಣೇ."