ಅಕ್ಕನ ಬೈಕಿಗೆ ನಾನು ಹಚ್ಚಿದ ಪ್ರೀಮಿಯಂ ಚಟ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದವರ ಹಾಗೆ ಬೀಗುವುದು ಬೇಡ. ಸಾದಾ ಪೆಟ್ರೋಲ್ ಕುಡಿದುಕೊಂಡು ನೆಮ್ಮದಿಯಾಗಿದ್ದ ಒಂದು ಹಳೆಯ ಬೈಕು ದುಬಾರಿ ಪೆಟ್ರೋಲ್ ಇಲ್ಲದೆ ಬದುಕಲಾರದ ಹಾಗೆ ಮಾಡಿದವನು ನಾನು. ಬೈಕು ನನ್ನದೂ ಅಲ್ಲ, ಅಕ್ಕನದು.

ನಾವು ಇರುವುದು ಶಹಾಪುರದಲ್ಲಿ. ಅಕ್ಕ ಸುರಪುರದ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಗಣಿತದ ಅತಿಥಿ ಶಿಕ್ಷಕಿಯಾಗಿದ್ದಳು. ಆ ಊರಿಗೆ ಬಸ್ಸು ಬರುವುದು ಅದಕ್ಕೆ ಮನಸ್ಸಾದಾಗ. ಸ್ಕೂಟಿಯ ಸಣ್ಣ ಗಾಲಿ ಮಳೆಗಾಲದ ಎರೆಮಣ್ಣಿನಲ್ಲಿ ಹೂತರೆ ಎಳೆಯಲು ಎತ್ತುಗಳೇ ಬರಬೇಕು. ಅದಕ್ಕೆ ಅಕ್ಕ ಗೇರಿನ ಬೈಕನ್ನೇ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಹೊರಡುತ್ತಿದ್ದಳು. ಓಣಿಯ ಹಿರಿಯರು ಕೆಲವು ದಿನ ಕಣ್ಣು ಬಿಟ್ಟು ನೋಡಿದರು, ಆಮೇಲೆ ನೋಡಿ ನೋಡಿ ಅವರೇ ದಣಿದರು. ಶಾಲೆಯ ಮಕ್ಕಳು ಬೈಕಿನ ಸದ್ದು ಕೇಳಿದ ಕೂಡಲೇ ಭಿನ್ನರಾಶಿಯ ಪುಟ ತೆರೆಯುತ್ತಿದ್ದರಂತೆ. ಇದನ್ನು ಅಕ್ಕ ಹೇಳುವಾಗ ಅವಳ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತಿತ್ತು. ಆ ಕುತ್ತಿಗೆಯನ್ನೂ ನಾನು ಅನುಕರಿಸಿ ತೋರಿಸುತ್ತಿದ್ದೆ.

ಅತಿಥಿ ಶಿಕ್ಷಕರ ಕೆಲಸ ಬೇಸಿಗೆ ರಜೆಗೆ ಮುಗಿಯುತ್ತದೆ. ಜೂನಿನಲ್ಲಿ ಮತ್ತೆ ಕರೆದರೆ ಇದೆ, ಇಲ್ಲದಿದ್ದರೆ ಇಲ್ಲ. ಅಕ್ಕ ಪ್ರತಿ ಬೇಸಿಗೆಯನ್ನೂ ಮೊಬೈಲ್ ಕೈಯಲ್ಲಿ ಹಿಡಿದೇ ಕಳೆಯುತ್ತಿದ್ದಳು. ನಾನು ಅವಳ ಬೈಕನ್ನು ಹಿಡಿದು ಕಳೆಯುತ್ತಿದ್ದೆ. ನನ್ನ ಉದ್ಯೋಗ ಆಗ ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಹೇಳಿಕೊಂಡು ತಿರುಗುವುದು, ಮತ್ತು ಊರಿನವರೆಲ್ಲರ ದನಿ ತೆಗೆಯುವುದು. ಬಸ್ ನಿಲ್ದಾಣದ ಅನೌನ್ಸರ್, ಹಾಲಿನ ಅಜ್ಜಿ, ಗುರುಮಠಕಲ್ಲಿನಿಂದ ಬಂದು ಅರ್ಧ ತೆಲುಗಿನಲ್ಲಿ ಚೌಕಾಸಿ ಮಾಡುವ ಮೆಣಸಿನಕಾಯಿ ವ್ಯಾಪಾರಿ, ಎಲ್ಲರೂ ನನ್ನ ಗಂಟಲಲ್ಲಿದ್ದರು.

ನನ್ನ ಗೆಳೆಯರ ಬೈಕುಗಳೆಲ್ಲ ಹೊಸವು. ಭೀಮಾ ಸೇತುವೆಯ ಕಡೆಗಿನ ನೇರ ರಸ್ತೆಯಲ್ಲಿ ಅವರು ಮುಂದೆ, ನಾನು ಅವರ ಹೊಗೆಯಲ್ಲಿ. ತಾನು ಪ್ರೀಮಿಯಂ ಎಂಬ ದುಬಾರಿ ಪೆಟ್ರೋಲ್ ಹಾಕಿಸುತ್ತೇನೆ, ಅದರ ಆಕ್ಟೇನ್ ಜಾಸ್ತಿ ಎಂದು ಒಬ್ಬ ಹೇಳಿದ. ನಾನು ಆಕ್ಟೇನ್ ಅಂದರೆ ಪೆಟ್ರೋಲಿಗೆ ಬಿದ್ದ ಮಾರ್ಕ್ಸ್ ಎಂದುಕೊಂಡೆ. ಹೆಚ್ಚು ಮಾರ್ಕ್ಸ್ ಬಿದ್ದದ್ದು ಹೆಚ್ಚು ಶಾಣ್ಯಾ. ಅದು ಹಾಗಲ್ಲವಂತೆ. ಎಂಜಿನ್ನಿನೊಳಗೆ ಒತ್ತಿ ಹಿಡಿದಾಗ ತಾನೇ ತಾನಾಗಿ ಸಿಡಿಯದೆ ಎಷ್ಟು ತಾಳುತ್ತದೆ ಎಂಬುದರ ಅಳತೆ ಅದು. ಹೆಚ್ಚು ಒತ್ತುವ ಎಂಜಿನ್ನಿಗೆ ಹೆಚ್ಚು ತಾಳುವ ಪೆಟ್ರೋಲ್ ಬೇಕು. ಅಕ್ಕನ ಬೈಕಿನಂಥ ಸಮಾಧಾನದ ಎಂಜಿನ್ನಿಗೆ ಸಾದಾ ಪೆಟ್ರೋಲೇ ಸಾಕು, ದುಬಾರಿಯದು ಹಾಕಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಾನು ಹಾಕಿಸಿ ನೋಡಿದೆ, ಬೈಕು ಹಳೆಯ ವೇಗದಲ್ಲೇ ಹೋಯಿತು.

ಅಲ್ಲಿಗೆ ಬಿಟ್ಟಿದ್ದರೆ ಈಗ ಇದನ್ನು ಬರೆಯುತ್ತಿರಲಿಲ್ಲ. ಗ್ಯಾರೇಜಿನ ಉಸ್ತಾದನ ಬಳಿ ಹೋದೆ. ಉಸ್ತಾದನೂ ನನ್ನ ಹಾಗೆಯೇ, ಬೇಡ ಎನ್ನುವ ಮಾತು ಅವನಿಗೂ ಬರುವುದಿಲ್ಲ.

"ಪೆಟ್ರೋಲ್ ಬದಲಿ ಮಾಡಿದ್ರ ಏನಾಗತದ ಭಾಯ್? ಹೆಡ್ ಹೆರಸೋಣು. ಲೇತ್‌ನ್ಯಾಗ ಇಟ್ಟು ಒಂದೀಟ ಹೆರದ್ರ ಒತ್ತಡ ಜಾಸ್ತಿ. ಆಮ್ಯಾಲ ನೋಡ್ರಿ, ಗಾಡಿ ಹಾರತದ."

ಎಂಜಿನ್ನಿನ ತಲೆಯ ಮುಚ್ಚಳ ಹೆರೆಸಿಯೇ ಬಿಟ್ಟೆವು. ಗಾಡಿ ಹಾರಿತು. ಅದನ್ನು ಕೈಗೆ ಕೊಡುವಾಗ ಉಸ್ತಾದ ಹೇಳಿದ, "ಇನ್ನ ಸಾದಾ ಹಾಕಬ್ಯಾಡ್ರಿ ಮತ್ತ. ಹಾಕಿ ಜೋರ್ ಓಡಿಸಿದ್ರ ಒಳಗ ಕಟಕಟ ಅಂತದ. ಕಟಕಟ ಅಂದ್ರೂ ನಿಲ್ಲಿಸಲಿಲ್ಲಂದ್ರ ಪಿಸ್ಟನ್ ಖಲಾಸ್."

ಶಹಾಪುರದಲ್ಲಿ ನಾನು ಕೇಳಿದ ಬಂಕುಗಳಲ್ಲಿ ಪ್ರೀಮಿಯಂ ಸಿಗಲಿಲ್ಲ. ಯಾದಗಿರಿಗೆ ಹೋಗಿ ಹಾಕಿಸಿಕೊಂಡು ಬರುವಷ್ಟರಲ್ಲಿ ಹಾಕಿಸಿದ್ದರಲ್ಲಿ ಒಂದಿಷ್ಟು ದಾರಿಗೇ ಖರ್ಚಾಗುತ್ತಿತ್ತು. ಆದರೂ ಹೋಗಿ ಬರುತ್ತಿದ್ದೆ. ಅಕ್ಕ ಒಮ್ಮೆ ಕೇಳಿದಳು, "ಏನೋ, ದಿನಾ ಯಾದಗಿರಿ? ಅಲ್ಲಿ ಯಾವಾಕಿ ಅದಾಳ?" ನಾನು ನಾಚಿದವನ ಹಾಗೆ ನಟಿಸಿದೆ. ಬೈಕಿಗೆ ಏನು ಮಾಡಿಸಿದ್ದೇನೆ ಎಂದು ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಶಾಲೆ ಶುರುವಾಗುವ ದಿನ ಹತ್ತಿರ ಬಂದಂತೆ ಭಯ ಹತ್ತಿತು. ಅವಳಿಗೆ ತಿಳಿಸಲೇಬೇಕು. ನೇರ ಹೇಳಿದರೆ "ಯಾಕ?" ಎನ್ನುತ್ತಾಳೆ. ಹೆಡ್ ಹೆರೆಸಿದ ಕಥೆ ಹೊರಗೆ ಬರುತ್ತದೆ. ತಮಾಷೆಗೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಹಾಗಾಗಿ ಒಂದು ಸಂಜೆ ಅವ್ವ, ಅಕ್ಕ, ಪಕ್ಕದ ಮನೆಯ ಚಿಗವ್ವ ಕಟ್ಟೆಯ ಮೇಲೆ ಕೂತಿದ್ದಾಗ ಉಸ್ತಾದನ ದನಿ ತೆಗೆದೆ. ಉಸ್ತಾದ ಬಾಯಿತುಂಬ ಗುಟ್ಕಾ ಇಟ್ಟುಕೊಂಡು, ಅದು ಚೆಲ್ಲಬಾರದೆಂದು ಗದ್ದ ಆಕಾಶಕ್ಕೆ ಎತ್ತಿ ಮಾತಾಡುತ್ತಾನೆ. ನಾನೂ ಗದ್ದ ಎತ್ತಿದೆ.

"ಮ್ಯಾಡಂ, ಶಾದಾ ಪೆಟ್ಲೋಲ್ ಹಾಕಬ್ಯಾಡ್ಲಿ. ಪ್ಲೀಮಿಯಂ ಹಾಕ್ಲಿ. ಇಲ್ಲಂದ್ಲ ಗಾಡಿ ಕಟಕಟ ಅಂದು ಶಾಯ್ತದ."

ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವ್ವ, "ಪಾಪ, ಆ ಉಸ್ತಾದಗ ಗೊತ್ತಾದ್ರ ನಿನ್ನ ಹಲ್ಲ ಮುರೀತಾನ" ಎಂದಳು. ಅಕ್ಕ ನಗುತ್ತ ಕಟ್ಟೆಯ ಮೇಲೆ ಒರಗಿಬಿಟ್ಟಳು. "ಯಪ್ಪಾ ಸಾಕೋ, ಹೊಟ್ಟಿ ನೋಯಾಕತ್ತದ. ಇನ್ನೊಮ್ಮೆ ಮಾಡು."

ಇನ್ನೊಮ್ಮೆ ಮಾಡಿದೆ. ಕಟಕಟ ಶಬ್ದವನ್ನೂ ನಾಲಿಗೆಯಿಂದ ಮಾಡಿ ತೋರಿಸಿದೆ. ಹೇಳಬೇಕಾದದ್ದು ಹೇಳಿ ಮುಗಿಸಿದೆ ಎಂದು ನೆಮ್ಮದಿಯಿಂದ ಮಲಗಿದೆ.

ಆಮೇಲೆ ಒಂದು ಸಂಜೆ ಅಕ್ಕನಿಗೆ ಮೆಸೇಜ್ ಬಂತು. ಮರುದಿನ ಹತ್ತು ಗಂಟೆಯೊಳಗೆ ಮೂಲ ದಾಖಲೆಗಳ ಸಮೇತ ಸುರಪುರದಲ್ಲಿ ಹಾಜರಾಗಬೇಕು, ಬಾರದಿದ್ದರೆ ಆ ಶಾಲೆ ಮುಂದಿನವರಿಗೆ. ನಾನು ಆಗ ಸೇತುವೆಯ ರಸ್ತೆಯಲ್ಲಿ ಹಾರುತ್ತಿದ್ದೆ. ಟ್ಯಾಂಕು ಒಣಗಿಸಿಕೊಂಡು ಬಂದು ಬೈಕು ನಿಲ್ಲಿಸಿದೆ. ಮೆಸೇಜಿನ ಸುದ್ದಿ ಅವ್ವ ಹೇಳಿದಳು. ನಾನು "ಛಲೋ ಆತು" ಎಂದು ಉಂಡು ಮಲಗಿದೆ.

ಬೆಳಿಗ್ಗೆ ನಾನು ಏಳುವ ಮೊದಲೇ ಅಕ್ಕ ಹೊರಟಳು. ಟ್ಯಾಂಕು ಖಾಲಿ. ಊರ ಬಂಕಿನಲ್ಲಿ ಎಂದಿನಂತೆ ಸಾದಾ ಪೆಟ್ರೋಲ್ ಹಾಕಿಸಿದಳು. ತಡವಾದೀತೆಂಬ ಆತುರದಲ್ಲಿ ಪೂರ್ತಿ ಎಕ್ಸಲರೇಟರ್ ತಿರುಗಿಸಿಕೊಂಡೇ ಹೋದಳು. ಹತ್ತಿಗುಡೂರು ದಾಟಿದ ಮೇಲೆ ಕಟಕಟ ಶುರುವಾಯಿತಂತೆ. ಚೈನು ಸಡಿಲಾಗಿದೆ, ಹೋಗಿ ಬಂದ ಮೇಲೆ ನೋಡಿಸಿದರಾಯಿತು ಎಂದುಕೊಂಡಳಂತೆ. ಸುರಪುರದ ಗುಡ್ಡ ಎದುರಿಗೆ ಕಾಣುವ ಏರಿನಲ್ಲಿ ಎಂಜಿನ್ ಬಿಗಿದು ನಿಂತಿತು.

ಅಲ್ಲಿಂದ ನನಗೆ ಫೋನ್ ಮಾಡಿದಳು. ನಾನು ಹಾಸಿಗೆಯಲ್ಲಿದ್ದೆ. ಫೋನಿನಲ್ಲಿ ಮಾತಾಡುವ ಆ ಹೆಣ್ಣುದನಿಯಲ್ಲಿ ಹೇಳಿದೆ, "ನೀವು ಕರೆ ಮಾಡಿದ ಚಂದಾದಾರರು ನಿದ್ದೆಯಲ್ಲಿದ್ದಾರೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ." ಆ ಕಡೆಯಿಂದ ಫೋನ್ ಕಟ್ ಆಯಿತು. ನಾನು ನಕ್ಕು ಮಗ್ಗಲು ಬದಲಿಸಿದೆ.

ಬೈಕನ್ನು ಒಂದು ಚಹಾದಂಗಡಿಯ ಮುಂದೆ ಬಿಟ್ಟು, ಮೇವು ಹೇರಿದ ಟಂಟಂ ಆಟೊ ಒಂದನ್ನು ಕೈಮಾಡಿ ನಿಲ್ಲಿಸಿ ಅಕ್ಕ ಸುರಪುರ ಮುಟ್ಟಿದಾಗ ಅವಳ ಹೆಸರು ಕರೆದು ಆಗಿತ್ತು. ಆ ಶಾಲೆಗೆ ಬೇರೊಬ್ಬರು ಸಹಿ ಹಾಕಿ ಹೊರಗೆ ಬರುತ್ತಿದ್ದರು. ಬೇರೆ ಯಾವ ಶಾಲೆಯೂ ಅವಳಿಗೆ ಉಳಿದಿರಲಿಲ್ಲ. ಇದನ್ನೆಲ್ಲ ಅವಳು ಹೇಳಿದ್ದು ಅವ್ವನಿಗೆ, ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

ಮರುದಿನ ಗ್ಯಾರೇಜಿನಲ್ಲಿ ಉಸ್ತಾದ ಎಂಜಿನ್ ಬಿಚ್ಚಿದ. ಅಕ್ಕನೂ ಬಂದಿದ್ದಳು. ಪಿಸ್ಟನ್ನಿನ ನೆತ್ತಿ ಇಲಿ ಕಡಿದ ರೊಟ್ಟಿಯ ಹಾಗೆ ಕರಗಿ ತೂತಾಗಿತ್ತು. ಉಸ್ತಾದ ಗದ್ದ ಎತ್ತಿ ನನಗೆ ಹೇಳಿದ, "ಸಾದಾ ಹಾಕ್ಯಾರ. ಹೆಡ್ ಹೆರಿಸಿದ ಗಾಡಿಗಿ ಸಾದಾ ಹಾಕಬಾರ್ದಂತ ನಾ ಅವತ್ತೇ ಹೇಳಿದ್ದಿಲ್ಲೇನು?"

"ಹೆಡ್ ಯಾರ ಹೆರಸ್ಯಾರ?" ಅಕ್ಕ ಕೇಳಿದಳು. ಉಸ್ತಾದ ಉಗುಳಲು ಹೊರಗೆ ಹೋದ.

ನಾನು ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ನಾನೂ ಹೇಳಿದ್ದೆ ಅಕ್ಕಾ. ಕಟ್ಟಿ ಮ್ಯಾಲ, ಎಲ್ಲಾರ ಮುಂದ, ಸಾದಾ ಹಾಕಬ್ಯಾಡ ಅಂತ. ಎರಡ ಸಲ ಹೇಳಿದೆ. ನೀ ನಕ್ಕಿ. ಅದಕ್ಕ ನಾ ಏನ್ ಮಾಡ್ಲಿ?"

ಅಕ್ಕ ಕೈಯಲ್ಲಿದ್ದ ಪಿಸ್ಟನ್ನನ್ನು ಬೆಂಚಿನ ಮೇಲಿಟ್ಟು, ಬೆರಳಿನ ಮಸಿ ಒರೆಸಿಕೊಂಡಳು. ದನಿ ಏರಿಸಲಿಲ್ಲ.

"ಹೇಳಿದ್ದಿ, ಖರೆ. ಆದ್ರ ನೀ ಖರೇನ ಹೇಳುವಾಗ ನಿನ್ನ ದನಿ ಹ್ಯಾಂಗಿರ್ತದ ಅಂತ ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ."