ಸೋತವರಿಗೆ ಸೈರನ್ ಊದಿದ ಮಾರೆಪ್ಪಣ್ಣ

ಗೋಲು ಬಿದ್ದರೆ ಮಿಲ್ಲಿನ ಸೈರನ್ ಊದುವ ಮನುಷ್ಯ ಇಡೀ ಕಂಪ್ಲಿಯಲ್ಲಿ ಒಬ್ಬನೇ ಇದ್ದ: ನಮ್ಮ ರೈಸ್‌ಮಿಲ್ಲಿನ ಬಾಯ್ಲರ್ ಮಾರೆಪ್ಪಣ್ಣ. ಅವನ ಊರು ಪಕ್ಕದ ಎಮ್ಮಿಗನೂರು. ಮೈಯೆಲ್ಲ ಭತ್ತದ ಹೊಟ್ಟಿನ ಬೂದಿ, ಬಾಯಿ ಮಾತ್ರ ಬೆಂಕಿ. ಅವನ ಫುಟ್‌ಬಾಲ್ ಟೀಮು ಇದ್ದದ್ದು ಇಂಗ್ಲೆಂಡಿನಲ್ಲಿ, ಅದೂ ನಾಲ್ಕನೇ ಡಿವಿಜನ್ನಿನ ತಳದಲ್ಲಿ. ಅದರ ಹೆಸರಿಗೆ ನಮ್ಮ ನಾಲಿಗೆ ಹೊರಳದೆ, "ಮಾರೆಪ್ಪನ ಟೀಮು" ಅಂತಲೇ ಕರೆಯುತ್ತಿದ್ದೆವು.

ನಾನು ಆ ಮಿಲ್ಲಿನ ಗುಮಾಸ್ತೆ. "ದೊಡ್ಡ ದೊಡ್ಡ ಟೀಮು ಅದಾವಲ್ಲಣ್ಣ, ನಿನಗ ಇದ ಯಾಕ ಬೇಕಿತ್ತು?" ಅಂತ ಒಮ್ಮೆ ಕೆಣಕಿದೆ.

"ಮೊಬೈಲ್‌ನ್ಯಾಗ ಒಂದಿನ ನೋಡಿದೆ ತಂಗಿ. ನಾಕು ಗೋಲು ತಿಂದು ನಿಂತಾರ, ಮಳಿ ಬ್ಯಾರೆ ಹೊಡಿಯಾಕತ್ತೈತಿ, ಅವರ ಮಂದಿ ಹಾಡಾಕತ್ತಾರ! ಗೆದ್ದೋರ ಹಿಂದ ನಾಯಿನೂ ಹೋಗ್ತೈತಿ. ನಮ್ಮಪ್ಪ ಜೀವಮಾನೆಲ್ಲ ಕಡೀ ಸಾಲಿನಾಗ ಕುಂತು ಉಂಡಾನ. ಕಡೀ ಸಾಲಿನೋರನ್ನ ನಾ ಬಿಡಂಗಿಲ್ಲ."

ಬಾಯ್ಲರಿನ ಹಬೆಯಿಂದ ಊದುವ ಆ ಸೈರನ್ ಕೂಗಿತೆಂದರೆ ಪಾಳಿ ಮುಗಿಯಿತೆಂದೇ ಲೆಕ್ಕ. ಒಂದು ಶನಿವಾರ ಸಂಜೆ ಅವನ ಟೀಮು ಗೋಲು ಹೊಡೆಯಿತು, ಇವನು ಊದಿಯೇಬಿಟ್ಟ. ಹಮಾಲರು ಅರ್ಧ ತುಂಬಿದ ಲಾರಿ ಹಾಗೇ ಬಿಟ್ಟು, ಕೈಕಾಲು ತೊಳೆದು ಮನೆಗೆ ಹೋದರು. ಲಾರಿ ಡ್ರೈವರ್ ಬಾಯಿಗೆ ಬಂದಂಗೆ ಬೈದ. ಸಾವ್ಕಾರ್ರು ಕೆಂಡವಾದರು: "ಇನ್ನೊಮ್ಮೆ ಊದಿದ್ಯೋ, ಕೆಲಸಾನ ಇಲ್ಲ ನಿನಗ."

"ಹೆದರಬ್ಯಾಡ್ರಿ ಸಾವ್ಕಾರ್ರ, ಅವರು ಗೋಲು ಹೊಡಿಯಾದ ಅಪರೂಪ," ಅಂದ ಪುಣ್ಯಾತ್ಮ.

ಸೀಸನ್ನಿನ ಕೊನೆಯ ಪಂದ್ಯ ಬಂತು. ಸೋತರೆ ಟೀಮು ಐದನೇ ಡಿವಿಜನ್ನಿಗೆ ಬೀಳುತ್ತದೆ. ಆರು ತಿಂಗಳು ಅವನನ್ನು ಆಡಿಕೊಂಡ ನಾವೆಲ್ಲ ಅವತ್ತು ಬಾಯ್ಲರ್ ಮುಂದೆ ಮೊಬೈಲಿಗೆ ಕಣ್ಣು ನೆಟ್ಟು ನಿಂತಿದ್ದೆವು. ಒಂದು ಗೋಲಿನಿಂದ ಸೋತರು. ಯಾರೋ ಕಿಸಕ್ಕನೆ ನಕ್ಕರು. ಮಾರೆಪ್ಪಣ್ಣ ಮೊಬೈಲ್ ಜೇಬಿಗೆ ಹಾಕಿ, ಸೈರನ್ನಿನ ಸರಪಳಿ ಹಿಡಿದು ಜಗ್ಗಿದವನು ಬಿಡಲೇ ಇಲ್ಲ.

"ಏ, ಬಿಡೋ ಮಾರಾಯ, ಸೋತಾರ!" ಅಂತ ಹಮಾಲರು ಕೂಗಿದರು.

"ಗೆದ್ದಾಗ ಊರ ಊದತೈತಿ. ಬಿದ್ದಾಗ ಊದಾಕ ಒಬ್ಬರ ಬೇಕಲ್ಲಲೇ!"

ಹೊತ್ತಲ್ಲದ ಹೊತ್ತಿಗೆ ಸೈರನ್ ಊದಿದರೆ ಬಾಯ್ಲರ್ ರಿಜಿಸ್ಟರಿನಲ್ಲಿ ಕಾರಣ ಬರೆದು ಸಹಿ ಹಾಕಿಸಬೇಕು. ಸಾವ್ಕಾರ್ರಿಗೂ ಒಳ್ಳೆ ಬಾಯ್ಲರ್ ಆಳನ್ನು ಕಳಕೊಳ್ಳುವ ಮನಸ್ಸಿರಲಿಲ್ಲ. "ವಾಲ್ವ್ ಕೆಟ್ಟು ತಾನ ಊದಿತು ಅಂತ ರಿಜಿಸ್ಟರ್‌ನ್ಯಾಗ ಬರಿಯಮ್ಮ" ಅಂತ ಮೆಲ್ಲಗೆ ನನಗೆ ಹೇಳಿದರು. ಬದುಕಿದೆಯಾ ಬಡಜೀವವೇ ಅಂದುಕೊಂಡು ಹಾಗೇ ಬರೆದೆ. ಸಹಿಗೆ ಬಂದ ಮಾರೆಪ್ಪಣ್ಣ ಅದನ್ನು ಓದಿ, ಅಡ್ಡಗೆರೆ ಎಳೆದು, ಕೆಳಗೆ ತಾನೇ ಬರೆದ: "ವಾಲ್ವ್ ಚಲೋ ಐತಿ. ನಾನ ಊದೀನಿ."

ನನಗೆ ಅಳುವೇ ಬಂತು. "ನಾಳಿಂದ ಹೊಟ್ಟಿಗೆ ಏನು ತಿಂತೀಯಣ್ಣ?"

"ಸುಳ್ಳು ಬರದ್ರ ನಾ ಊದಿದ್ದಕ್ಕ ಏನು ಅರ್ಥ ಐತಿ ತಂಗಿ?" ಅಂದವನೇ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಸಂಡೂರಿನ ಕಡೆ ಯಾವುದೋ ಫ್ಯಾಕ್ಟರಿಯಲ್ಲಿದ್ದಾನಂತೆ. ನಾನು ಮತ್ತೆ ನೋಡಿಲ್ಲ.

ಮೊನ್ನೆ ಸರ್ಕಾರದ ಬಾಯ್ಲರ್ ತಪಾಸಣೆಯವರು ರಿಜಿಸ್ಟರ್ ನೋಡಲು ಬರುತ್ತಾರೆಂದು ಸುದ್ದಿ ಬಂತು. "ಆ ಮಾರೆಪ್ಪ ಬರದ ಹಾಳಿ ಹರಿದು, ಹೊಸದಾಗಿ ಬರಿಯಮ್ಮ," ಅಂದರು ಸಾವ್ಕಾರ್ರು. ಇಷ್ಟು ವರ್ಷದಲ್ಲಿ ಅವರಿಗೆ ಒಂದೇ ಒಂದು ಎದುರು ಮಾತಾಡಿದವಳಲ್ಲ ನಾನು. ರಿಜಿಸ್ಟರ್ ಎದೆಗವಚಿಕೊಂಡು ಎದ್ದು ನಿಂತೆ.

"ಹರಿಯಂಗಿಲ್ರಿ," ಅಂದೆ.