ಮಂಜೂರಾದ ಮೂರು ಕೋಣೆ

ಮುದ್ದೇಬಿಹಾಳದಲ್ಲಿ ಕಾಳುಕಡಿಯ ಅಡತ ಅಂಗಡಿ ಇಟ್ಟಿದ್ದ ಖಂಡೆಪ್ಪ ಎರಡು ಸಲ ಪುರಸಭೆಗೆ ಆರಿಸಿ ಬಂದವನು. ಊರಿನ ದುಡ್ಡಿನ ವಿಷಯದಲ್ಲಿ ಅವನದು ಒಂದೇ ನಿಲುವು. ನೀರು, ಗಟಾರ, ಬೀದಿದೀಪ ಊರಿನ ಪಾಲಿಗೆ. ಶಾಲೆ, ದವಾಖಾನೆ ಸರಕಾರದ ಪಾಲಿಗೆ. ಸರಕಾರದ ಹೊರೆಯನ್ನು ಊರು ಒಮ್ಮೆ ಹೊತ್ತರೆ ಮುಂದೆಂದೂ ಇಳಿಸಲಾಗದು ಎಂದು ಅವನು ನಂಬಿದ್ದ.

೧೯೭೩ರ ಮಳೆಗೆ ಹೆಣ್ಣುಮಕ್ಕಳ ಶಾಲೆಯ ಮಣ್ಣಿನ ಮಾಳಿಗೆ ಕುಸಿಯಿತು. ಭಾನುವಾರವಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಮುಖ್ಯೋಪಾಧ್ಯಾಯಿನಿ ಕಾಶಿಬಾಯಿ ಆ ವರ್ಷ ಏಳನೆಯ ತರಗತಿಯ ಹನ್ನೊಂದು ಹುಡುಗಿಯರನ್ನು ಮುಲ್ಕಿ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಜಕಾತಿ ಸುಂಕದ ಹಣದಲ್ಲಿ ಎರಡು ಕೋಣೆ ಕಟ್ಟಿಸಿಕೊಡಿ ಎಂದು ಪುರಸಭೆಗೆ ಅರ್ಜಿ ಹಾಕಿದರು. ಹಣ ಇತ್ತು. ಸದಸ್ಯರಿಗೆ ಮನಸ್ಸೂ ಇತ್ತು. ಖಂಡೆಪ್ಪ ಎದ್ದು ಅರ್ಧ ಗಂಟೆ ಮಾತಾಡಿದ ಮೇಲೆ, ಅರ್ಜಿಯನ್ನು ವಿಜಾಪುರದ ಶಿಕ್ಷಣ ಇಲಾಖೆಗೆ ಕಳಿಸಲು ಠರಾವಾಯಿತು.

ಪುರಸಭೆಯ ಮೆಟ್ಟಿಲ ಹತ್ತಿರ ಕಾಶಿಬಾಯಿ ಅವನನ್ನು ತಡೆದರು.

"ನೀವು ಹೇಳೂದು ಖರೇ ಐತ್ರಿ ಸಾಹುಕಾರ್ರ. ಆದ್ರ ಈ ಹುಡುಗ್ಯಾರಿಗೆ ಇದ ಒಂದು ವರ್ಷ ಐತಿ. ಮುಂದಿನ ವರ್ಷ ಅವರಪ್ಪಂದಿರು ಸರಕಾರದ ಕಾಗದ ಬರೂ ತನಕ ಕಾಯಂಗಿಲ್ಲ."

"ಆರು ತಿಂಗಳದಾಗ ತರ್ತೇನಿ ಬಾಯಾರ," ಎಂದ ಖಂಡೆಪ್ಪ.

ಹೆಣ್ಣುಮಕ್ಕಳ ತರಗತಿಗಳು ಗಂಡುಮಕ್ಕಳ ಶಾಲೆಯ ಪಡಸಾಲೆಗೆ ಹೋದವು. ಬೆಳೆದ ಮಗಳನ್ನು ಅಲ್ಲಿಗೆ ಕಳಿಸಲು ಮನೆಯವರು ಒಪ್ಪಲಿಲ್ಲ. ದೀಪಾವಳಿಗೆ ಹನ್ನೊಂದರಲ್ಲಿ ಐವರು ಉಳಿದರು, ಸಂಕ್ರಾಂತಿಗೆ ಒಬ್ಬರೂ ಇಲ್ಲ. ಖಂಡೆಪ್ಪನ ಅಂಗಡಿಯ ಹಮಾಲ ಧರೆಪ್ಪನ ಮಗಳು ಸಿದ್ದವ್ವನೂ ಶಾಲೆ ಬಿಟ್ಟವರಲ್ಲಿ ಒಬ್ಬಳು. ಅಪ್ಪನಿಗೆ ರೊಟ್ಟಿ ತಂದಾಗ, ತೂಕದ ಚೀಟಿಗಳನ್ನು ಗುಮಾಸ್ತನಿಗಿಂತ ಮೊದಲೇ ಬಾಯಲ್ಲಿ ಕೂಡಿಸಿ ಹೇಳುತ್ತಿದ್ದ ಹುಡುಗಿ.

ಖಂಡೆಪ್ಪ ಸುಮ್ಮನೆ ಕೂತವನಲ್ಲ. ಸ್ವಂತ ಖರ್ಚಿನಲ್ಲಿ ವಿಜಾಪುರದ ಬಸ್ಸು ಹತ್ತುತ್ತಲೇ ಇದ್ದ. ಸಾಹೇಬರು ಬದಲಾದರು, ಕಡತ ಕಳೆಯಿತು, ಮತ್ತೆ ಸಿಕ್ಕಿತು. ಮಂಜೂರಾತಿ ಬಂದದ್ದು ೧೯೭೭ರಲ್ಲಿ. ಎರಡಲ್ಲ, ಮೂರು ಕೋಣೆ, ಊರಿನ ಒಂದು ಪೈಸೆಯೂ ಇಲ್ಲದೆ. ಅವನ ವಾದ ಗೆದ್ದಿತ್ತು.

ಮರುವರ್ಷ ಉದ್ಘಾಟನೆಯ ದಿನ ಬೆಳಿಗ್ಗೆ ಸಿದ್ದವ್ವ ಅಂಗಡಿಗೆ ಬಂದಳು. ಅವಳನ್ನು ಹೂವಿನ ಹಿಪ್ಪರಗಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಎರಡನೆಯ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬಗಲಲ್ಲಿ ಮೊದಲ ಕೂಸು. ಖಂಡೆಪ್ಪ ಹೊಸ ಕೋಣೆಗಳ ಸುದ್ದಿ ಹೇಳಿದ.

"ಹಂಗಾರ ಸಾಲಿಗೆ ನನ್ನ ಹೆಸರೂ ಹಚ್ಚಿಬಿಡ್ರಿ ಸಾಹುಕಾರ್ರ," ಎಂದು ಅವಳು ನಕ್ಕಳು.

ದೊಡ್ಡವರ ಮುಂದೆ ಚೇಷ್ಟೆ ಮಾಡಬೇಡವೆಂದು ಧರೆಪ್ಪ ಗದರಿಸಿದ. ಅವಳು ರೊಟ್ಟಿಯ ಗಂಟು ಇಟ್ಟು ಹೋದಳು.

ಮಧ್ಯಾಹ್ನ ಉದ್ಘಾಟನೆಯ ಸಭೆಯಲ್ಲಿ, ಎರಡನೆಯ ಸಾಲಿನಲ್ಲಿ ಕೂತ ಖಂಡೆಪ್ಪ ತನ್ನ ಹಳೆಯ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ನೋಡಿದ. ಎಲ್ಲಿಯೂ ತಪ್ಪು ಕಾಣಲಿಲ್ಲ. ಕೋಣೆ ಬಂದ ಕತೆ ಹೇಳಬೇಕೆಂದು ಅಧ್ಯಕ್ಷರು ಕರೆದಾಗ ಎದ್ದು ನಿಂತ.

"ಕೋಣಿ ಬಂದಾವು. ತಡ ಮಾಡಿದಾಂವ ನಾನು," ಎಂದು ಕುಳಿತುಬಿಟ್ಟ.

ಮುಂದಿನ ಸಾಲಿನಲ್ಲಿದ್ದ ಕಾಶಿಬಾಯಿ ತಿರುಗಿ ನೋಡಲಿಲ್ಲ.